ಮಾಯಕ್ಕನ ಅನಾಮತ್ತು: ಕಾಳಿನ ಕೋಣೆಯ ಕೆಂಪು ಬೆರಳು

“ಮಾರಿ ಎತ್ತಿ ಹೇಳ್ರಿ ಸಾವಕಾರ್ರ,” ಎಂದಳು ಮಾಯಕ್ಕ. “ನಮ್ಮವ್ವನ ಪುತಳಿ ಸರ ಎಲ್ಲಿ ಇಟ್ಟೀರಿ?”

ಪಾಯಪ್ಪ ಸಾವಕಾರರು ಮುಖ ಎತ್ತಲಿಲ್ಲ. ಖಾನಾಪುರದಲ್ಲಿ ಮಗಳ ಮನೆಯ ಪಡಸಾಲೆ; ಹೊರಗೆ ಭಾದ್ರಪದದ ಜಿಟಿಜಿಟಿ, ಒಳಗೆ ಚಾಪೆಯ ಮೇಲೆ ಮುದುಕರು. ಕಣಕುಂಬಿಯ ಕಟ್ಟಿಗೆ ಗುತ್ತಿಗೆಯಲ್ಲಿ ಕೈ ಸುಟ್ಟುಕೊಂಡು, ಬೆಳಗಾವಿಯ ವಾಡೆಯನ್ನು ಕೋರ್ಟು ನೇಮಿಸಿದ ರಿಸೀವರರಿಗೆ ಬಿಟ್ಟುಕೊಟ್ಟಾಗಿನಿಂದ ಅವರು ಯಾರ ಮಾರಿಯನ್ನೂ ನೇರವಾಗಿ ನೋಡುತ್ತಿರಲಿಲ್ಲ.

ನೋಡದಿದ್ದರೆ ಮಾಯಕ್ಕ ಬಿಡುವವಳೇ? ಬೀಡಿ ಊರಿನ ಕುರುಬರ ಹೆಣ್ಣು. ಗಂಡ ಸತ್ತ ಮೇಲೆ ಮೈದುನರ ಕುರಿಹಿಂಡಿನ ಹಿಂದೆ ತಿರುಗುವುದು ಒಲ್ಲೆನೆಂದು, ಮಗಳು ಪದ್ಮವ್ವನನ್ನು ಕಟ್ಟಿಕೊಂಡು ಬೆಳಗಾವಿಗೆ ಬಂದು, ಆ ವಾಡೆಯ ಮುಂಭಾಗದಲ್ಲಿ ಕಂಬಳಿ ಅಂಗಡಿ ಹಾಕಿದವಳು. ಅಂಗಡಿ ಹಿಡಿಯುವಾಗ ಅನಾಮತ್ತು ಎಂದು ಠೇವಣಿ ಕೊಡಲು ರೊಕ್ಕ ಇರಲಿಲ್ಲ. ಕೊರಳಿನ ಬಂಗಾರದ ಪುತಳಿ ಸರವನ್ನೇ ಬಿಚ್ಚಿ, ಕಂಬಳಿಯ ತುಂಡಿನಲ್ಲಿ ಗಂಟು ಕಟ್ಟಿ ಸಾವಕಾರರ ಕೈಗಿಟ್ಟಿದ್ದಳು. ಅಂಗಡಿ ಬಿಡುವ ದಿನ ಸರ ವಾಪಸು, ಅಷ್ಟೇ ಮಾತು.

ಈಗ ರಿಸೀವರರು ನಾಳೆಯೇ ಅಂಗಡಿ ಖಾಲಿ ಮಾಡು ಎನ್ನುತ್ತಾರೆ. ಸರದ ಮಾತೆತ್ತಿದರೆ, ಸಾವಕಾರನಿಗೆ ಸಾಲ ಕೊಟ್ಟವರ ಸಾಲಿನ ತುದಿಗೆ ಹೋಗಿ ನಿಲ್ಲು ಎನ್ನುತ್ತಾರೆ. ಸರ ಕೈಗೆ ಬಂದರೆ ಇನ್ನೊಂದು ಅಂಗಡಿ; ಬಾರದಿದ್ದರೆ ಮತ್ತೆ ಮೈದುನರ ಬಾಗಿಲು. ಆ ಬಾಗಿಲಿಗೆ ಹೋಗುವುದಕ್ಕಿಂತ ಹಿಂಡಲಗಾ ಜೈಲಿಗೆ ಹೋಗುವುದು ಲೇಸು ಎಂದು ಅವಳು ಓಣಿಗೆಲ್ಲ ಕೇಳುವಂತೆ ಹೇಳಿದ್ದಳು. ಅಂಗಡಿಯ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಖಾನಾಪುರದ ರೈಲು ಹತ್ತಿದ್ದಳು.

ಅವಳ ಪಕ್ಕದಲ್ಲಿ ಕಂಬಕ್ಕೆ ಒರಗಿ ನಿಂತವನು ಜಿನಪಾಲ. ಒಂದು ಕಾಲಕ್ಕೆ ಫೌಜದಾರ. ಸಾರಾಯಿ ಅಂಗಡಿಯ ಮುಂದೆ ಧರಣಿ ಕೂತ ಹುಡುಗರ ಮೇಲೆ ಲಾಠಿ ಬೀಸಲಾರೆನೆಂದು ಸೊಂಟದ ಪಟ್ಟಿ ಬಿಚ್ಚಿ ಸಾಹೇಬರ ಮೇಜಿನ ಮೇಲಿಟ್ಟು ಬಂದವನು. ಈಗ ಪೋಲೀಸರು ಕಿವಿಗೆ ಹಾಕಿಕೊಳ್ಳದ ಬಡವರ ಕಳವು, ಮೋಸಗಳ ಪತ್ತೆ ಹಚ್ಚುವುದೇ ಅವನ ಕಸುಬು. ಹೊಟ್ಟೆ ತುಂಬುವ ಕಸುಬಲ್ಲ, ಆದರೆ ಅವನಿಗೆ ಅದರ ಚಿಂತೆ ಇದ್ದಂತೆ ಕಾಣುತ್ತಿರಲಿಲ್ಲ.

ಇವತ್ತೇ ಖಾನಾಪುರಕ್ಕೆ ಹೋಗಬೇಕೆಂದು ಹಟ ಹಿಡಿದವನೂ ಅವನೇ. ಯಾಕೆಂದು ಮಾಯಕ್ಕನಿಗೆ ಈಗ ತಿಳಿಯಿತು.

“ಕಾಕಾ,” ಎಂದ ಜಿನಪಾಲ ಮೆಲ್ಲಗೆ, “ದಶಲಕ್ಷಣ ನಡದೈತಿ. ಇವತ್ತಿಂದು ಯಾವ ದಿವಸ ಅಂತ ನಿಮಗ ನಾ ಹೇಳಬೇಕಾಗಿಲ್ಲ.”

ಜೈನರ ಪರ್ವದ ಹತ್ತು ದಿನಗಳಲ್ಲಿ ಇವತ್ತಿನದು ಉತ್ತಮ ಸತ್ಯದ ದಿನ. ಬೆಳಿಗ್ಗೆ ಬಸದಿಯಲ್ಲಿ ಪೂಜೆ ಮುಗಿಸಿ, ಉಪವಾಸ ಕುಳಿತ ಮನುಷ್ಯ. ನಿನ್ನೆಯಾಗಿದ್ದರೆ ಸುಮ್ಮನಿದ್ದು ದಾಟಿಸುತ್ತಿದ್ದರೇನೋ, ಇವತ್ತು ಆ ದಾರಿ ಇರಲಿಲ್ಲ.

“ಕಾಳಿನ ಕ್ವಾಣ್ಯಾಗ ಐತಿ,” ಎಂದರು ಕಡೆಗೂ. “ಮ್ಯಾಲಿನ ಗೂಡಿನಾಗ, ಹಲಗಿ ಹಿಂದ. ಗಂಟು ನೀ ಕಟ್ಟಿದ್ದ ಹಂಗs ಐತಿ. ನಾ ಬಿಚ್ಚಿಲ್ಲ.”

ಆಮೇಲೆ ಬಂದ ಕತೆ ಕೇಳಿ ಮಾಯಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಂದೊಮ್ಮೆ ಮುನಿಗಳ ಮುಂದೆ ಸಾವಕಾರರು ಪರಿಗ್ರಹ ಪರಿಮಾಣದ ವ್ರತ ತೆಗೆದುಕೊಂಡಿದ್ದರು: ತನ್ನ ಮನೆಯಲ್ಲಿ ಇಷ್ಟೇ ಬಂಗಾರ, ಇದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ ಎಂದು. ಪರರ ಸರವನ್ನು ತಿಜೋರಿಯಲ್ಲಿಟ್ಟರೆ ಆ ಮಿತಿ ಮೀರುತ್ತದೆ. ಅದಕ್ಕೇ ತಿಜೋರಿ ಬಿಟ್ಟು ಜೋಳದ ಚೀಲಗಳ ಮೇಲಿನ ಗೂಡಿನಲ್ಲಿಟ್ಟು ಹಲಗೆ ಬಡಿದಿದ್ದರು. ಸಾಲ ಮಾಡುವಾಗ ಇಂಥ ಮಿತಿಯ ವ್ರತ ಹಿಡಿದಿದ್ದರೆ ವಾಡೆಯೂ ಉಳಿಯುತ್ತಿತ್ತು, ಆದರೆ ಉಪವಾಸ ಕೂತ ಮುದುಕರಿಗೆ ಅದನ್ನು ಹೇಳುವವರಾರು?

ಕೋರ್ಟಿನವರು ಬಂದು ವಾಡೆಗೆ ಬೀಗ ಹಾಕಿದ ದಿನ ಅವರು ಕಣಕುಂಬಿಯಲ್ಲಿದ್ದರು. ಬಂದ ಮೇಲೆ ಒಳಗೆ ಬಿಡಲಿಲ್ಲ. ಬಾಯಿ ಬಿಟ್ಟರೆ ಸರವನ್ನೂ ಸಾವಕಾರನ ಬಂಗಾರವೆಂದೇ ಬರೆದುಕೊಂಡು ಲಿಲಾವು ಕೂಗಿ ಮಾರುತ್ತಾರೆಂಬ ಹೆದರಿಕೆ.

“ನನ್ನ ಮುಂದರ ಒಂದ ಮಾತ ಹೇಳಬಾರದಿತ್ತೇನ್ರೀ?” ಎಂದಳು ಮಾಯಕ್ಕ.

ಉತ್ತರಕ್ಕೆ ಅವಳು ಕಾಯಲಿಲ್ಲ. ಬೆಳಗಾವಿಯ ಕಡೆಗೆ ಗಾಡಿ ಬರುವ ಹೊತ್ತಾಗಿತ್ತು.

ರೈಲಿನಲ್ಲಿ ಜಿನಪಾಲ ಅವಳಿಗೆ ಕಾಯದೆಯನ್ನು ಕುರಿ ಲೆಕ್ಕದಲ್ಲಿ ತಿಳಿಸಿ ಹೇಳಿದ. ಅನಾಮತ್ತು ರೊಕ್ಕವಾಗಿದ್ದರೆ ಅದು ಸಾವಕಾರರ ರೊಕ್ಕದಲ್ಲಿ ಕಲೆತುಹೋಗಿರುತ್ತಿತ್ತು. ಉಳಿದವರ ಜೊತೆ ಅವಳೂ ಸಾಲಿನಲ್ಲಿ ನಿಂತು, ಸಿಕ್ಕಷ್ಟಕ್ಕೆ ಸಮಾಧಾನಪಡಬೇಕಾಗುತ್ತಿತ್ತು. ಆದರೆ ಪರರ ಹಿಂಡಿನಲ್ಲಿ ಬಿಟ್ಟ ತನ್ನ ಕುರಿಯನ್ನು ಗುರುತಿಸಿ ಇದು ನನ್ನದು ಎಂದು ತೋರಿಸಬಲ್ಲವಳಿಗೆ ಸಾಲೇಕೆ? ಅದೇ ಸರ, ಅದೇ ಗಂಟು ಅಲ್ಲಿದ್ದರೆ, ಅದು ಸಾವಕಾರರ ಆಸ್ತಿಯೇ ಅಲ್ಲ. ರಿಸೀವರರು ಕೈಯೆತ್ತಿ ಕೊಡಬೇಕು.

ಮಾಯಕ್ಕ ಆ ಮಾತನ್ನು ಮನಸ್ಸಿನಲ್ಲೇ ಹತ್ತಾರು ಸಲ ಹೇಳಿಕೊಂಡಳು. ಬೆಳಗಾವಿ ಬರುವಷ್ಟರಲ್ಲಿ ಅವಳ ಬೆನ್ನು ಇನ್ನಷ್ಟು ನೆಟ್ಟಗಾಗಿತ್ತು.

ಖಡೇಬಜಾರದ ಹಿಂದಿನ ಗಲ್ಲಿಯಲ್ಲಿ ವಾಡೆಯ ದೊಡ್ಡ ಬಾಗಿಲು ತೆರೆದವನು ಕರೆಪ್ಪ, ಅವಳ ತಮ್ಮ. ತಲೆ ಬಾಗಿಸದೆ ಯಾವ ಬಾಗಿಲನ್ನೂ ದಾಟಲಾರದ ಆಳು. ರಿಸೀವರರು ಕಾವಲಿಗೆ ಮನುಷ್ಯ ಬೇಕೆಂದಾಗ, ಅವರೊಡನೆ ಜಗಳವಾಡುತ್ತಲೇ ಅವನಿಗೆ ಆ ಕೆಲಸ ಕೊಡಿಸಿದವಳು ಅವಳೇ. ಅವ್ವ ತೀರಿದ ಮೇಲೆ ಸೊಂಟದ ಮೇಲೆ ಹೊತ್ತು ಸಾಕಿದ್ದ ತಮ್ಮ. ಉಂಡಿಯಾ ಎಂದು ಅವಳು ಕೇಳಿದಳು. ಪದ್ಮವ್ವ ಇನ್ನೂ ಬುತ್ತಿ ತಂದಿಲ್ಲವೆಂದು ಅವನು ನೆಲ ನೋಡುತ್ತ ಹೇಳಿದ.

ಅಂಗಳದಲ್ಲಿ ರಿಸೀವರ ಪದ್ಮಾಕರ ವಕೀಲರು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಕರಿ ಕೋಟು, ಜರಿ ರುಮಾಲು, ಪಕ್ಕದಲ್ಲಿ ಒಬ್ಬ ಕಾರಕೂನ. ಅಂಗಡಿಯ ಕೀಲಿಕೈ ಕೊಡಲು ಬಂದಳೆಂದು ತಿಳಿದು ಕೈ ಚಾಚಿದರು.

ಮಾಯಕ್ಕ ಆ ಕೈಯನ್ನು ನೋಡಿದಳು, ಅಷ್ಟೇ. “ಮೊದಲ ನನ್ನ ಸರ ಕೊಡ್ರಿ. ಕೀಲಿಕೈ ಎಲ್ಲಿ ಓಡಿ ಹೋಗತೈತಿ?”

ವಕೀಲರಿಗೆ ಸಿಟ್ಟು ಬಂತು. ಕೋರ್ಟಿನ ಹುಕುಮಿಗೆ ಅಡ್ಡ ಬಂದರೆ ಏನಾಗುತ್ತದೆ ಗೊತ್ತೇ ಎಂದು ಶುರುಮಾಡಿ, ಕಾಯದೆಯ ಕಲಮುಗಳನ್ನು ಒಂದೊಂದಾಗಿ ಎಣಿಸಿದರು. ವಾಡೆಯಲ್ಲಿ ಸಿಕ್ಕ ಸಾಮಾನಿನಲ್ಲಿ ಪುತಳಿ ಸರ ಇರಲೇ ಇಲ್ಲ; ಇಲ್ಲದ ಸರವನ್ನು ಎಲ್ಲಿಂದ ತಂದು ಕೊಡಲಿ ಎಂದು ಕೇಳಿದರು. ನಾಳೆ ಪೋಲೀಸರೊಡನೆ ಬಂದು ಕಂಬಳಿಗಳನ್ನು ಗಲ್ಲಿಗೆ ಎಸೆಯಿಸುತ್ತೇನೆಂದೂ ಹೇಳಿದರು.

“ಎಸೀರಿ,” ಎಂದಳು ಮಾಯಕ್ಕ. “ಗಲ್ಲ್ಯಾಗ ಹಾಸಿಕೊಂಡು ಅದರ ಮ್ಯಾಲೆ ಕುಂದರತೀನಿ.”

ಜಿನಪಾಲ ನಡುವೆ ಬಾಯಿ ಹಾಕಿ, ಕಾಳಿನ ಕೋಣೆಯ ಗೂಡಿನ ಸಂಗತಿ ಹೇಳಿದ. ಪಂಚರ ಮುಂದೆ ಆ ಗೂಡು ತೆರೆದು ನೋಡಿರಿ. ಒಲ್ಲೆನೆಂದರೆ ಒಲ್ಲೆನೆಂದದ್ದನ್ನೇ ನಾಳೆ ಜಡ್ಜರ ಮುಂದೆ ಹೇಳುತ್ತೇನೆ ಎಂದ. ವಕೀಲರು ಒಂದು ಗಳಿಗೆ ಯೋಚಿಸಿದರು. ಗೂಡಿನಲ್ಲಿ ಏನೂ ಇರಲಾರದೆಂಬ ಧೈರ್ಯ ಅವರ ಮುಖದಲ್ಲೇ ಕಾಣುತ್ತಿತ್ತು. ಬಾಜೂ ಮನೆಯ ಇಬ್ಬರು ಹಿರಿಯರನ್ನು ಪಂಚರೆಂದು ಕರೆಸಿದರು.

ಕಾಳಿನ ಕೋಣೆಯಲ್ಲಿ ಇನ್ನೂ ಸುಣ್ಣದ ವಾಸನೆ. ವಾಡೆ ವಶಕ್ಕೆ ಬಂದ ಮೇಲೆ ನಾನೇ ನಿಂತು ಒಳಗೆಲ್ಲ ಸುಣ್ಣ ಬಳಿಸಿದೆ, ಇಲ್ಲದಿದ್ದರೆ ಈ ಹಾಳು ಮನೆಯನ್ನು ಯಾರು ಬಾಡಿಗೆಗೆ ಹಿಡಿಯುತ್ತಿದ್ದರು ಎಂದು ವಕೀಲರು ಪಂಚರ ಮುಂದೆ ಹೆಚ್ಚುಗಾರಿಕೆ ಕೊಚ್ಚಿಕೊಂಡರು. ಜಿನಪಾಲ ಆ ಮಾತನ್ನು ಇನ್ನೊಮ್ಮೆ ಹೇಳಿಸಿದ. ಅವರು ಸಂತೋಷದಿಂದಲೇ ಹೇಳಿದರು.

ಗೂಡು ಬಲು ಎತ್ತರದಲ್ಲಿತ್ತು. ಕರೆಪ್ಪ ಮಾತ್ರ ನಿಂತಲ್ಲಿಂದಲೇ ಕೈ ಎತ್ತಿ ಹಲಗೆ ಮುಟ್ಟಿದ. ಜಿನಪಾಲ ಅವನನ್ನು ತಡೆದು, ಗೋಡೆಯ ಬುಡದಲ್ಲಿ ಬೋರಲು ಬಿದ್ದಿದ್ದ, ಕಾಳು ಅಳೆಯುವ ದೊಡ್ಡ ಕೊಳಗದ ಮೇಲೆ ತಾನೇ ಹತ್ತಿ ನಿಂತ. ಗೋಡೆಗೂ ಹಲಗೆಗೂ ಸೇರಿಸಿ ಬಳಿದ ಸುಣ್ಣದ ಪದರು ಹಲಗೆಯ ಸುತ್ತ ಬಿರಿದಿತ್ತು. ಸುಣ್ಣ ಬಳಿದ ಮೇಲೆ ಯಾರೋ ಅದನ್ನು ಕಿತ್ತು, ಮತ್ತೆ ಕೂರಿಸಿದ್ದರು.

ಹಲಗೆ ಹೊರಗೆ ಬಂತು.

ಗೂಡಿನಲ್ಲಿ ಒಂದು ಕಂಬಳಿಯ ತುಂಡಿತ್ತು. ಅದರ ಮೇಲೆ ಒಂದು ಹಿಡಿ ಅರಿಶಿನ ಪುಡಿ. ಸರ ಇರಲಿಲ್ಲ.

“ಮುದುಕ ನಿನಗ ಮಂಕುಬೂದಿ ಎರಚ್ಯಾನ, ಬಾಯಿ,” ಎಂದು ವಕೀಲರು ನಕ್ಕರು.

ಅವ್ವ ಸಾಯುವಾಗ ತಾನೇ ಬಿಚ್ಚಿ ಮಾಯಕ್ಕನ ಕೊರಳಿಗೆ ಹಾಕಿದ ಸರ ಅದು. ಅಳು ಒತ್ತರಿಸಿ ಬಂತು. ಆದರೆ ಈ ನಗುವ ಮನುಷ್ಯನ ಮುಂದೆ ಅಳಲಾರೆನೆಂದು ಹಲ್ಲು ಕಚ್ಚಿದಳು.

ಕೊಳಗದ ಮೇಲಿಂದ ಜಿನಪಾಲ ಇಳಿದಿರಲಿಲ್ಲ. ಕಂದೀಲು ತರಿಸಿ ಗೂಡಿನ ಪಕ್ಕದ ಗೋಡೆಗೆ ಹಿಡಿದ. ಬೆಳ್ಳನೆಯ ಸುಣ್ಣದ ಮೇಲೆ ನಾಲ್ಕು ಬೆರಳು ಊರಿದ ಗುರುತು, ಕುಂಕುಮದ ನೀರು ಚೆಲ್ಲಿದಂತೆ ಕೆಂಪಗೆ.

“ಮಾಯಕ್ಕಾ, ಮನ್ಯಾಗ ಆರತಿ ನೀರು ಹೆಂಗ ಮಾಡ್ತೀ?”

ಇದೆಂಥ ಹೊತ್ತಿನಲ್ಲಿ ಎಂಥ ಪ್ರಶ್ನೆ ಎಂದುಕೊಂಡರೂ ಅವಳು ಉತ್ತರ ಕೊಟ್ಟಳು. “ನೀರಾಗ ಅರಿಷಿಣ ಹಾಕಿ, ಒಂಚೂರು ಸುಣ್ಣ ಕೂಡಸ್ತೀನ್ರಿ. ಕೆಂಪ ಆಗತೈತಿ.”

ಪಂಚರಲ್ಲಿ ಒಬ್ಬರು ಹೌದೆಂದು ತಲೆಯಾಡಿಸಿದರು. ವಕೀಲರ ನಗು ಮಾತ್ರ ಅಲ್ಲಿಗೆ ನಿಂತುಹೋಯಿತು.

ಜಿನಪಾಲ ಒಂದೊಂದಾಗಿ ಬಿಡಿಸಿ ಇಟ್ಟ. ಸರ ಕೊಡುವಾಗ ಮಾಯಕ್ಕ ಅದನ್ನು ಬೀರಪ್ಪನ ಭಂಡಾರದಲ್ಲಿ, ಎಂದರೆ ದೇವರ ಅರಿಶಿನದಲ್ಲಿ ಹೊರಳಿಸಿ ಕಂಬಳಿಯ ತುಂಡಿನಲ್ಲಿ ಕಟ್ಟಿದ್ದಳು. ಕುರುಬರು ಮಾತು ಕೊಡುವುದೂ ತೆಗೆದುಕೊಳ್ಳುವುದೂ ಆ ಭಂಡಾರದ ಮೇಲೆಯೇ. ಕದ್ದವರು ಗಂಟು ಬಿಚ್ಚಿದಾಗ ಅದು ಕೈಗೆ ಹತ್ತಿತು. ಕೆಳಗಿಳಿಯುವಾಗ ಆಧಾರಕ್ಕೆಂದು ಗೋಡೆ ಹಿಡಿದರು. ಗೋಡೆಯ ಸುಣ್ಣ ಇನ್ನೂ ಹಸಿ ಇತ್ತು, ಕೈಯ ಅರಿಶಿನ ಅಲ್ಲೇ ಕೆಂಪಾಯಿತು.

ಅರಿಶಿನ ಮೊದಲೇ ಗೋಡೆಗಿದ್ದು ಮೇಲೆ ಸುಣ್ಣ ಬಂದಿರಬಹುದಲ್ಲ ಎಂದು ವಕೀಲರು ಪಾಟೀಸವಾಲಿಗೆ ಇಳಿದರು. ಹಾಗಿದ್ದರೆ ಕುಂಚದ ಗೆರೆ ಬೆರಳಿನ ಮೇಲೆ ಹಾದುಹೋಗಬೇಕಿತ್ತು. ಇಲ್ಲಿ ಕುಂಚದ ಗೆರೆಯನ್ನು ಬೆರಳು ಒರೆಸಿದೆ, ಹತ್ತಿ ನೋಡಿರಿ ಎಂದ ಜಿನಪಾಲ. ವಕೀಲರು ಕೊಳಗ ಹತ್ತಿದರು. ಇಳಿಯುವಾಗ ರುಮಾಲು ಸರಿಪಡಿಸಿಕೊಂಡರು. ಅಡಿಗೆಯವರ ಕೈ ಇರಬಹುದು ಎಂದರು. ಬೀಗ ಹಾಕಿದ ಮನೆಯಲ್ಲಿ ಅಡಿಗೆ ಯಾರು ಮಾಡಿದರು ಎಂದು ಪಂಚರೇ ಕೇಳಿಬಿಟ್ಟರು.

“ಹಂಗಾರ ಸರ ಇಲ್ಲೇ ಇತ್ತು,” ಎಂದ ಜಿನಪಾಲ. “ನಿಮ್ಮ ಬೀಗ ಬಿದ್ದ ಮ್ಯಾಲೂ ಇತ್ತು. ನೀವು ಸುಣ್ಣ ಬಳಿಸಿದ ದಿವಸ ಹೋಗೇತಿ. ನಿಮ್ಮ ವಶದಾಗಿಂದ ಹೋಗೇತಿ, ವಕೀಲಸಾಹೇಬ್ರ. ಇನ್ನ ಈಕಿ ಸಾಲಿನ್ಯಾಗ ನಿಂದರೂದಿಲ್ಲ. ಜಡ್ಜರು ಕೇಳೂದು ನಿಮ್ಮನ್ನ.”

ಕಾರಕೂನ ಯಜಮಾನರ ಮುಖ ನೋಡಿದ. ವಕೀಲರು ಬರೆ ಎಂದು ಕಣ್ಸನ್ನೆ ಮಾಡಿದರು. ಪಂಚನಾಮೆ ಬರೆದಾಯಿತು. ಪಂಚರು ಸಹಿ ಹಾಕಿದರು, ವಕೀಲರೂ ಹಾಕಿದರು. ಮಾಯಕ್ಕನಿಗೆ ಓದಲು ಬಾರದು, ಆದರೆ ಸಹಿ ಹಾಕುವಾಗ ಆ ಕೈ ಎಷ್ಟು ಒಲ್ಲದ ಮನಸ್ಸಿನಿಂದ ಓಡಿತೆಂಬುದನ್ನು ಅವಳು ಚೆನ್ನಾಗಿಯೇ ಓದಿಕೊಂಡಳು. ಗೆದ್ದೆ ಎನ್ನಿಸಿತು. ಬಾಯಿ ಬಿಟ್ಟು ಕೂಗಬೇಕೆನ್ನಿಸಿತು.

ಆಗ ಅವಳು, ಹತ್ತಿರದಿಂದ ನೋಡೋಣವೆಂದು, ಕೊಳಗದ ಮೇಲೆ ಹತ್ತಿದಳು.

ಕಂಬಳಿಯ ತುಂಡು ಸುಮ್ಮನೆ ಬಿದ್ದಿರಲಿಲ್ಲ. ನಾಲ್ಕು ಮಡಿಕೆ ಮಾಡಿ, ಅಂಚು ಕೂಡಿಸಿ, ಚೌಕಾಗಿ ಹಾಸಿತ್ತು. ನಡುವೆ ಭಂಡಾರವನ್ನು ಗೋಪುರದಂತೆ ಕೂಡಿಸಿ ಇಟ್ಟಿತ್ತು. ಬೇರೆಯವರಿಗೆ ಅದು ಹರಕು ಅರಿವೆ, ಚೆಲ್ಲಿದ ಅರಿಶಿನ. ಅವಳಿಗೆ ಅದು ಗದ್ದಿಗೆ. ಬೀರಪ್ಪನ ಭಂಡಾರವನ್ನು ನೆಲಕ್ಕೆ ಚೆಲ್ಲಬಾರದು, ಬರಿಯ ಕಲ್ಲಿನ ಮೇಲೆ ಬಿಡಬಾರದು. ಕಂಬಳಿಯ ಗದ್ದಿಗೆ ಮಾಡಿ ಕೂರಿಸಿಯೇ ಕೈ ತೆಗೆಯಬೇಕು. ಬೇರೆ ಯಾವ ಕಳ್ಳನಾದರೂ ಗಂಟಿಗೆ ಗಂಟನ್ನೇ ಒಯ್ಯುತ್ತಿದ್ದ. ಈ ಕಳ್ಳತನದಲ್ಲಿ ಬಂಗಾರ ಹೋಗಿತ್ತು, ದೇವರ ಭಯ ಹೋಗಿರಲಿಲ್ಲ.

ಕದ್ದದ್ದು ನಮ್ಮವರ ಕೈ. ಈ ಬೀಗದ ಮನೆಯೊಳಗೆ ಇದ್ದ ನಮ್ಮವನು ಒಬ್ಬನೇ.

ಅವಳು ಬಾಗಿಲಿನ ಕಡೆ ನೋಡಿದಳು. ಕರೆಪ್ಪನ ಮುಖ ಗೋಡೆಗಿಂತ ಬಿಳಚಿತ್ತು.

ಅಷ್ಟರಲ್ಲಿ ವಕೀಲರ ತಲೆ ಕೆಲಸ ಮಾಡತೊಡಗಿತ್ತು. ಹೊರಗಿನ ಕಳ್ಳನಾದರೆ ಹೊಣೆ ತನ್ನದು, ಸರಿ. ಆದರೆ ಬಾಡಿಗೆದಾರಳ ಕಡೆಯವರೇ ಕದ್ದಿದ್ದರೆ? ಆಗ ಅವಳೇ ಹೇಳಿ ತೆಗೆಸಿದಳೆಂದಾಗುತ್ತದೆ, ಸರವೂ ಇಲ್ಲ, ದಾವೆಯೂ ಇಲ್ಲ, ಮೇಲೆ ಜೈಲು. ಹೀಗೆಂದು ಹೇಳಿ ಅವರು ನಿನಗೆ ಯಾರ ಮೇಲಾದರೂ ಸಂಶಯವಿದೆಯೇ ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳಿದರು.

ಇಲ್ಲ ಎಂದರೆ ಸಾಕಿತ್ತು. ಗದ್ದಿಗೆಯ ಗುರುತು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಜಿನಪಾಲನಿಗೂ. ಭಂಡಾರವನ್ನು ಬಳಿದು ಹಣೆಗೆ ಹಚ್ಚಿಕೊಂಡು ಇಳಿದಿದ್ದರೆ ಯಾರೂ ಏಕೆ ಎಂದು ಕೇಳುತ್ತಿರಲಿಲ್ಲ. ಕೈ ಅದರ ಹತ್ತಿರಕ್ಕೂ ಹೋಯಿತು. ಮೈದುನರ ಬಾಗಿಲು ಕಣ್ಣ ಮುಂದೆ ಬಂದು ನಿಂತಿತು. ಆದರೂ ಹೋದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಸುಳ್ಳಿನಿಂದ ಗೆದ್ದರೆ ಈ ಕರಿ ಕೋಟಿನವನಿಗೂ ತನಗೂ ಏನು ಫರಕು?

“ಸಂಶೇ ಅಲ್ರಿ, ಖರೇನ ಹೇಳತೀನಿ,” ಎಂದಳು. “ಇದು ನಮ್ಮ ಕುರುಬರ ಕೈ. ಇಲ್ಲೆ ಕಾವಲ ಇದ್ದಾಂವ ನನ್ನ ತಮ್ಮ. ಕೇಳ್ರಿ ಅವನ್ನ, ನನ್ನ ಮುಂದs ಕೇಳ್ರಿ. ನಾ ಹೇಳಿ ತೆಗಸಿದ್ರ ನಾನs ಹಿಂಗ ಹೇಳತಿದ್ದಿಲ್ಲ.”

ಜಿನಪಾಲ ತಟ್ಟನೆ ಅವಳತ್ತ ತಿರುಗಿದ. ಅವನು ಇದನ್ನು ಎಣಿಸಿರಲಿಲ್ಲ.

ಯಾರೂ ಕೇಳುವ ಮೊದಲೇ ಕರೆಪ್ಪ ಮುಂದೆ ಬಂದ. “ನಾನs ತಗೊಂಡೀನಿ. ನಾ ಒಬ್ಬಾವನs. ಅಕ್ಕಗ ಗೊತ್ತಿಲ್ಲ. ಬರಕೋರಿ.”

ಮಾತು ಬಾಯಿಪಾಠದಂತೆ ಬಂತು. ಸಾಕಿದವಳಿಗೆ ಆ ದನಿ ತಿಳಿಯದೇ? ಚಿಕ್ಕಂದಿನಲ್ಲಿ ಓರಗೆಯವರು ಮಾಡಿದ ತಪ್ಪನ್ನು ತನ್ನ ಮೈಮೇಲೆ ಎಳೆದುಕೊಂಡು ಬಂದು ನಿಲ್ಲುತ್ತಿದ್ದಾಗಲೂ ಹೀಗೆಯೇ ಕಣ್ಣು ಮಿಟುಕಿಸದೆ ಹೇಳುತ್ತಿದ್ದ. ಅವಳು ಅವನ ಮಣಿಕಟ್ಟು ಹಿಡಿದು ಗೋಡೆಯ ಬಳಿಗೆ ಎಳೆದಳು. ಅವನು ಮುಷ್ಟಿ ಬಿಚ್ಚಲೊಲ್ಲ. ಒಂದೊಂದೇ ಬೆರಳನ್ನು ಬಿಡಿಸಿ ಕೆಂಪು ಗುರುತಿನ ಪಕ್ಕಕ್ಕೆ ಒತ್ತಿದಳು.

ಅವನ ಎರಡು ಬೆರಳಿನಲ್ಲೇ ಆ ನಾಲ್ಕೂ ಮುಚ್ಚಿಹೋಗುವಂತಿದ್ದವು. ಅವನು ಈ ಗೂಡು ಮುಟ್ಟಲು ಕೊಳಗ ಹತ್ತಬೇಕಾಗಿಯೂ ಇರಲಿಲ್ಲ.

ವಕೀಲರಿಗೆ ಅದರ ಗೊಡವೆ ಬೇಕಿರಲಿಲ್ಲ. ಕಳ್ಳ ಒಪ್ಪಿಕೊಂಡಿದ್ದಾನೆ, ಕಳ್ಳ ಅವಳ ತಮ್ಮ, ಇನ್ನೇನು ಬೇಕು? ಕಾರಕೂನನಿಗೆ ಕರೆಪ್ಪನ ಹೆಸರು ಬರೆದುಕೋ ಎಂದರು.

“ಬರೀಬ್ಯಾಡ್ರಿ,” ಎಂದಳು ಮಾಯಕ್ಕ. “ಈ ಕೈ ಇವಂದಲ್ಲ. ಮಾಡದ ತಪ್ಪಿಗೆ ನನ್ನ ತಮ್ಮನ್ನ ಕೊಡೂದಿಲ್ಲ ನಾ.”

“ಅಕ್ಕಾ, ಸುಮ್ಮ್ನ ಇರ,” ಎಂದ ಕರೆಪ್ಪ. ಅವನ ಕಣ್ಣಲ್ಲಿ ನೀರಿತ್ತು. “ನಿನ್ನ ಕಾಲ ಬೀಳತೀನಿ, ನನ್ನ ಹೆಸರs ಬರಸು.”

“ಹಂಗಾರ ಯಾರ ಕೈ, ಮಾಯಕ್ಕಾ?” ಎಂದು ಕೇಳಿದ ಜಿನಪಾಲ. ಅವನ ದನಿಯಲ್ಲಿ ಗಡಸು ಇರಲಿಲ್ಲ, ಆದರೆ ಅದು ಫೌಜದಾರನದೇ ಪ್ರಶ್ನೆ.

ಅವಳು ಗೋಡೆಯನ್ನು ಮತ್ತೆ ನೋಡಿದಳು. ಸಣ್ಣ ಕೈ, ಹೆಣ್ಣಿನ ಕೈ. ಕರೆಪ್ಪ ಪ್ರಾಣ ಹೋದರೂ ಬಿಟ್ಟುಕೊಡಲಾರದವರದು. ಕಾವಲಿನವನಿಗೆ ಬುತ್ತಿ ಕೊಡುವ ನೆವದಲ್ಲಿ ಈ ಬೀಗದ ಮನೆಯೊಳಗೆ ದಿನಾ ಬಂದುಹೋಗುವವರದು.

“ಮಾಮಾ, ಬುತ್ತಿ ತಂದೀನಿ,” ಎಂದು ಅಂಗಳದಿಂದ ಮಗಳು ಪದ್ಮವ್ವನ ದನಿ ಕೇಳಿಸಿತು.

ವಕೀಲರು ಬಾಗಿಲ ಕಡೆ ಹೆಜ್ಜೆ ಇಟ್ಟರು. ಮಾಯಕ್ಕ ಅವರಿಗಿಂತ ಮೊದಲು ಹೊಸ್ತಿಲ ಮೇಲೆ ಬಂದು, ಎರಡೂ ಕೈಯಿಂದ ಚೌಕಟ್ಟು ಹಿಡಿದು ಅಡ್ಡ ನಿಂತಳು.